ಅಪ್‌ಡೇಟ್: ತರಬೇತುದಾರರ ಬುಕಿಂಗ್ ಇರುವ ವ್ಯಾಯಾಮದ ಆ್ಯಪ್

ಗೆಳೆಯರೊಡನೆ ಓಟ ಹಂಚಿಕೊಳ್ಳುವುದು, ತರಬೇತುದಾರರ ಬುಕಿಂಗ್ ಎರಡೂ ಇರುವ, ನಾನು ಕಟ್ಟುತ್ತಿರುವ ಆ್ಯಪ್‌ನಲ್ಲಿ ಮೊದಲು ಯಾವುದಕ್ಕೆ ಕೈಹಾಕಲಿ ಎಂದು ಕೇಳಿದ್ದೆ. ಬುಕಿಂಗ್ ಎಂದವರ ಮಾತೇ ಗೆದ್ದಿತು. ಒಬ್ಬರಿಗಷ್ಟೇ ಇರುವ ಬೆಳಗಿನ ಆರು ಗಂಟೆಯ ತರಗತಿಗೆ ಇಬ್ಬರು ಏಕಕಾಲಕ್ಕೆ ಬೆರಳೊತ್ತಿದರೆ ಏನು ಗತಿ? ಈಗ ಮೊದಲು ಒತ್ತಿದವರಿಗೆ ಐದು ನಿಮಿಷ ಆ ವೇಳೆ ಮೀಸಲು. ಅಷ್ಟರೊಳಗೆ ಯುಪಿಐ ಹಣ ಬಾರದಿದ್ದರೆ ತಾನಾಗಿ ತೆರವಾಗುತ್ತದೆ. ಆಪಲ್ ನಿಯಮದ ಪ್ರಕಾರ ಒಬ್ಬರಿಗೊಬ್ಬರ ನೇರ ಆನ್‌ಲೈನ್ ತರಬೇತಿಗೆ ಅದರದೇ ಪಾವತಿ ವ್ಯವಸ್ಥೆ ಕಡ್ಡಾಯವಲ್ಲ, ಗುಂಪಿಗಾದರೆ ಬೇರೆಯೇ ನಿಯಮ. ಆದ್ದರಿಂದ ಗುಂಪು ತರಗತಿ ಸದ್ಯಕ್ಕಿಲ್ಲ.

ಓಟದ ನಕ್ಷೆ ಮಾತ್ರ ಬಳಕೆದಾರರು ತಾವಾಗಿ ತೆರೆಯುವವರೆಗೆ ಖಾಸಗಿ. ಓಟ ದಾಖಲಿಸುವ ಸ್ಟ್ರಾವಾ ಆ್ಯಪ್‌ನ ನಕ್ಷೆಯಿಂದ ಸೇನಾ ನೆಲೆಗಳೇ 2018ರಲ್ಲಿ ಬಯಲಾದವು. ನಮ್ಮ ಮನೆಬಾಗಿಲು ಯಾವ ಲೆಕ್ಕ! ಮೆಚ್ಚುಗೆ, ಟಿಪ್ಪಣಿಗಳೆಲ್ಲ ಮುಂದಿನ ಆವೃತ್ತಿಗೆ.