ಲೋಡ್ ಇದ್ದಾಗ ಇಳಿಜಾರಲ್ಲಿ ಫೋರ್ಕ್‌ಲಿಫ್ಟ್ ಮುಂದಕ್ಕೆ ಇಳಿಸ್ಬೋದಾ, ರಿವರ್ಸೇ ಬರ್ಬೇಕಾ?

ಗೋಡೌನ್ ರೈಟರ್:
ಕುಶಾಲನಗರದ ಹತ್ರ ಒಂದು ಕಾಫಿ ಗೋಡೌನ್ ನೋಡ್ಕೊಳ್ತೀನಿ. ಒಳಗಿಂದ ಅಂಗಳಕ್ಕೆ ಇಳಿಯೋಕೆ ರ‍್ಯಾಂಪ್ ಇದೆ, ಮಳೆ ಹಿಡಿದ್ಮೇಲೆ ಲಾರಿ ಟೈರಿನ ಕೆಸರೆಲ್ಲ ಅಲ್ಲೇ. ನಮ್ ಡ್ರೈವರ್ ಚೆರ್ರಿ ಚೀಲದ ಪ್ಯಾಲೆಟ್ (ಚೀಲ ಜೋಡಿಸೋ ಹಲಗೆ) ಎತ್ಕೊಂಡು ಮುಂದಕ್ಕೇ ಇಳೀತಾನೆ, ಕೇಳಿದ್ರೆ ಹಿಂದೆ ತಿರುಗಿ ಓಡ್ಸಿದ್ರೆ ಕುತ್ತಿಗೆ ಹಿಡ್ಕೊಳುತ್ತೆ ಅಂತಾನೆ. ಹುಡುಗ್ರು ಕೈಯಲ್ಲಿ ತಳ್ಳೋ ಹ್ಯಾಂಡ್ ಪ್ಯಾಲೆಟ್ ಟ್ರಕ್ಕನ್ನೂ ಅದೇ ರ‍್ಯಾಂಪಲ್ಲಿ ಬಿಡ್ತಾರೆ. ಓಡ್ಸಿ ಗೊತ್ತಿರೋರು ಹೇಳಿ.

ಹಳೇ ಆಪರೇಟರ್:
ರಿವರ್ಸೇ ಅಣ್ಣ. ಲೋಡ್ ಯಾವಾಗ್ಲೂ ಏರಿನ ಕಡೆಗಿರ್ಬೇಕು, ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ. ಖಾಲಿ ಗಾಡಿ ಆದ್ರೆ ಉಲ್ಟಾ, ಫೋರ್ಕ್ (ಲೋಡ್ ಎತ್ತೋ ಮುಂದಿನ ಕವಲು) ಇಳಿಜಾರಿನ ಕಡೆ. ಮುಂದಿನ ಚಕ್ರ ತಕ್ಕಡಿ ಮುಳ್ಳಿದ್ದಂಗೆ, ಒಂದು ಕಡೆ ಲೋಡು, ಇನ್ನೊಂದು ಕಡೆ ಹಿಂದಿನ ಕೌಂಟರ್‌ವೇಟು. ಮೂತಿ ಕೆಳಗಾಗಿ ಇಳೀತಾ ಬ್ರೇಕ್ ಒತ್ತಿದ್ರೆ ಚೀಲ ಜಾರುತ್ತೆ, ಇಲ್ಲಾಂದ್ರೆ ಹಿಂದಿನ ಚಕ್ರ ಎದ್ದೇಳುತ್ತೆ, ಸ್ಟಿಯರಿಂಗ್ ಇರೋದೇ ಆ ಚಕ್ರಕ್ಕೆ, ಅದು ನೆಲ ಬಿಟ್ಮೇಲೆ ಏನ್ ತಿರುಗ್ಸಿದ್ರೂ ಅಷ್ಟೇ. ಫೋರ್ಕ್ ನೆಲದಿಂದ 15-20 ಸೆಂ.ಮೀ., ಮಾಸ್ಟ್, ಅಂದ್ರೆ ಫೋರ್ಕ್ ಏರಿಳಿಯೋ ಕಂಬ, ಸ್ವಲ್ಪ ಹಿಂದಕ್ಕೆ ಬಾಗಿರ್ಲಿ. ರ‍್ಯಾಂಪ್ ಮಧ್ಯದಲ್ಲಿ ತಿರುಗಿಸೋದು ಮಾತ್ರ ಬೇಡವೇ ಬೇಡ, ಪಕ್ಕಕ್ಕೆ ಮಗುಚುತ್ತೆ.

ಮಡಿಕೇರಿ ಮಳೆ:
ನಮ್ಕಡೆ ವರ್ಷಗಟ್ಲೆಯಿಂದ ಮುಂದಕ್ಕೇ ಇಳಿಸ್ತಾರಪ್ಪ, ಏನೂ ಆಗಿಲ್ಲ.

ಹಳೇ ಆಪರೇಟರ್:
ಒಣ ನೆಲ, ಕಮ್ಮಿ ಲೋಡು ಇದ್ದಿರ್ಬೇಕು ಸರ್. ಕೆಸರಲ್ಲಿ ಬ್ರೇಕ್ ಒತ್ತಿದ್ರೂ ಗಾಡಿ ಜಾರ್ಕೊಂಡೇ ಹೋಗುತ್ತೆ. ಮತ್ತೆ ಬೆಲ್ಟ್ ಹಾಕೋಕೆ ಹೇಳಿ, ಗಾಡಿ ಮಗುಚುವಾಗ ಹಾರಕ್ಕೆ ಹೋದೋನು ತಲೆ ಮೇಲಿನ ಗಾರ್ಡ್ ಕೆಳಗೇ ಸಿಗ್ತಾನೆ. ಸೀಟಲ್ಲೇ ಕೂತು, ಸ್ಟಿಯರಿಂಗ್ ಗಟ್ಟಿ ಹಿಡ್ಕೊಂಡು, ಬೀಳೋ ಕಡೆಗೆ ವಿರುದ್ಧವಾಗಿ ವಾಲ್ಬೇಕು.

ಸ್ಟೋರ್ ಕೀಪರ್:
ಹ್ಯಾಂಡ್ ಪ್ಯಾಲೆಟ್ ಬಗ್ಗೆ ಯಾರೂ ಹೇಳ್ಲಿಲ್ಲ, ನಂಗೆ ಅದೇ ಜಾಸ್ತಿ ಭಯ. ಸಾಮಾನ್ಯವಾಗಿ ಅದಕ್ಕೆ ಬ್ರೇಕೇ ಇರಲ್ಲ, ಇಳಿಜಾರಲ್ಲಿ ಟನ್ನುಗಟ್ಲೆ ಓಡಕ್ಕೆ ಶುರು ಆದ್ರೆ ಹಿಡಿಯೋರು ಯಾರು? ರ‍್ಯಾಂಪಿಗೆ ತರೋದನ್ನೇ ನಿಲ್ಸಿ, ಒಳಗೆ ಸಮ ನೆಲದಲ್ಲಿ ಇರ್ಲಿ. ಅಲ್ಲೂ ಎಳೆಯೋದಕ್ಕಿಂತ ತಳ್ಳೋದು ವಾಸಿ, ಎಳೆದ್ರೆ ಹಿಮ್ಮಡಿಗೇ ಬಂದು ಬಡಿಯುತ್ತೆ. ಚಪ್ಪಲಿ ಹಾಕ್ಕೊಂಡು ಬರೋರಿಗೆ ಹ್ಯಾಂಡಲ್ ಕೊಡ್ಲೇಬೇಡಿ. ಇನ್ನೊಂದು, ಪ್ಯಾಲೆಟ್ ಮೇಲೆ ಎಷ್ಟು ಚೀಲ ಹಾಕ್ತೀರ? 50 ಕೆ.ಜಿ.ದು 30 ಹಾಕಿದ್ರೆ 1500 ಕೆ.ಜಿ. ಆಯ್ತು. 2 ಟನ್ ಫೋರ್ಕ್‌ಲಿಫ್ಟ್ ತಡಿಯುತ್ತೆ ಅನ್ಬೋದು, ಆದ್ರೆ ಆ ಲೆಕ್ಕ ಸಾಮಾನ್ಯವಾಗಿ ಲೋಡಿನ ಮಧ್ಯಭಾಗ ಫೋರ್ಕಿನ ಬುಡದಿಂದ 500 ಮಿ.ಮೀ. ಒಳಗಿದ್ರೆ ಮಾತ್ರ. ಉದ್ದದ ಪ್ಯಾಲೆಟ್ ಆದ್ರೆ, ಎತ್ತರಕ್ಕೆ ಎತ್ತಿದ್ರೆ ತಡಿಯೋ ತೂಕ ಕಮ್ಮಿ ಆಗುತ್ತೆ. ಎಷ್ಟು ತೂಕ ತಡಿಯುತ್ತೆ ಅಂತ ಗಾಡಿ ಮೇಲಿನ ಪ್ಲೇಟಲ್ಲಿ ಬರೆದಿರುತ್ತೆ, ಓದಿ.

ಗೋಡೌನ್ ರೈಟರ್:
ಪ್ಲೇಟ್ ಮೇಲೆ ಯಾರೋ ಪೇಂಟ್ ಹೊಡ್ದುಬಿಟ್ಟಿದಾರೆ ಸರ್, ಒಂದಕ್ಷರ ಕಾಣಲ್ಲ 😅 ಹ್ಯಾಂಡ್ ಪ್ಯಾಲೆಟ್ ಇವತ್ತಿಂದ್ಲೇ ಬಂದ್ ಮಾಡ್ಸಿದೀನಿ. ಡ್ರೈವರ್ ಮಾತ್ರ ಇನ್ನೂ ಗೊಣಗ್ತಿದಾನೆ.

ಸ್ಟೋರ್ ಕೀಪರ್:
ಸೀರಿಯಲ್ ನಂಬರ್ ಚಾಸಿಸ್ ಮೇಲೂ ಇರುತ್ತೆ, ಅದನ್ನ ಕೊಟ್ಟು ಡೀಲರ್ ಹತ್ರ ಹೊಸ ಪ್ಲೇಟ್ ಕೇಳಿ. ರಿವರ್ಸ್ ಬರುವಾಗ ಕೆಳಗೆ ಒಬ್ಬ ಕೈ ತೋರ್ಸೋನು ಇದ್ರೆ ಅವನ ಗೊಣಗಾಟ ಅರ್ಧ ಕಮ್ಮಿ ಆಗುತ್ತೆ, ಆದ್ರೆ ಆ ಮನುಷ್ಯ ಗಾಡಿ ದಾರೀಲಿ ನಿಲ್ಬಾರ್ದು, ಪಕ್ಕಕ್ಕಿರ್ಲಿ.