ಹೊಲದಲ್ಲಿ ತರುಬಿದ ಕುರಿಗಳ ಹಾಲು: ಅಪ್ಪನಿಗೂ ಮಗಳಿಗೂ ಕೊಡಬಹುದಾ?

ಶೇಂಗಾಹೊಲ:
ನಮ್ಮೂರು ಇಳಕಲ್ ಹತ್ತಿರ. ಶೇಂಗಾ ಕಿತ್ತ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಎಂಟು ದಿನ ಕುರಿ ತರುಬಿಸಿದ್ದೆವು. ಕುರಿಯವರಿಗೆ ರೊಟ್ಟಿ ಕೊಡಲು ಹೋದಾಗ ಅವರ ಮನೆಯ ಅಜ್ಜಿ ಒಂದು ಚೊಂಬು ಹಾಲು ಕೊಟ್ಟರು. ಕಾಸಿದರೆ ಕೆನೆ ರೊಟ್ಟಿಯ ಹಾಗೆ ಕಟ್ಟಿತು! ವಾಸನೆ ಬರಬಹುದು ಅಂದುಕೊಂಡಿದ್ದೆ, ಅಂಥದ್ದೇನೂ ಇರಲಿಲ್ಲ.

ಈಗ ಅಪ್ಪ ಹಟ ಹಿಡಿದಿದ್ದಾರೆ. "ಬಯಲಲ್ಲಿ ಮೇಯ್ದ ಕುರಿ, ನೂರು ಗಿಡದ ಸಾರ ಇರುತ್ತದೆ, ದಿನಾ ತಾ" ಅಂತ. ಅವರಿಗೆ 68 ವರ್ಷ, ಕೊಲೆಸ್ಟ್ರಾಲ್ ಮಾತ್ರೆ ನಡೆದಿದೆ. ಮಗಳಿಗೆ 3 ವರ್ಷ. ಆಕಳ ಹಾಲು ಕುಡಿದರೆ ಮೈಮೇಲೆ ಗಂದೆ ಏಳುತ್ತವೆ. ಅವಳಿಗೆ ಇದು ಆದೀತಾ?

ಇನ್ನೊಂದು ಅನುಮಾನ. ಹಸಿರು ಮೇಯ್ದ ಆಕಳ ಬೆಣ್ಣೆ ಹಳದಿ ಇರುತ್ತದೆ ಅಲ್ವಾ? ಇದರ ಕೆನೆ ಸುಣ್ಣದಂತೆ ಬಿಳಿ. ಯಾಕೆ?

ಕರಿಕಂಬಳಿ:
ಅಕ್ಕಾ, ನಾನು ಬೆಳೆದದ್ದೇ ಕುರಿ ಹಿಂಡಿನ ಹಿಂದೆ. ಅಪ್ಪ ಈಗಲೂ 140 ಕುರಿ ಕಾಯುತ್ತಾರೆ. ನಾನು ಡೈರಿ ಲ್ಯಾಬಿನಲ್ಲಿ ದಿನವಿಡೀ ಹಾಲಿನ ಕೊಬ್ಬು ಅಳೆಯುತ್ತೇನೆ. "ಬೆರಳಲ್ಲಿ ಅದ್ದಿ ನೋಡಿದರೆ ಗೊತ್ತಾಗುವುದಕ್ಕೆ ಸಂಬಳ ಬೇರೆ" ಅಂತ ಅಪ್ಪನ ತಮಾಷೆ.

ಮೊದಲು ಬಣ್ಣದ ಮಾತು. ಹುಲ್ಲಿನಲ್ಲಿರುವ ಕ್ಯಾರೊಟಿನ್ ಅನ್ನುವ ಹಳದಿ ಬಣ್ಣವನ್ನು ಕುರಿ ತನ್ನ ಮೈಯಲ್ಲೇ ವಿಟಮಿನ್ ಎ ಮಾಡಿಬಿಡುತ್ತದೆ. ಎಮ್ಮೆ, ಆಡು ಕೂಡ ಅಷ್ಟೇ. ಆಕಳು ಒಂದಿಷ್ಟನ್ನು ಹಾಗೇ ಕೊಬ್ಬಿಗೆ ಬಿಡುತ್ತದೆ, ಅದಕ್ಕೇ ಹಳದಿ. ನಿಮ್ಮ ಅಜ್ಜಿ ಮೋಸ ಮಾಡಿಲ್ಲ.

100 ಗ್ರಾಂ ಕುರಿ ಹಾಲಿನಲ್ಲಿ ಕೊಬ್ಬು 6ರಿಂದ 7 ಗ್ರಾಂ, ಪ್ರೋಟೀನ್ ಐದೂವರೆ ಗ್ರಾಂ ಮೇಲೆ, ಕ್ಯಾಲ್ಸಿಯಂ 190 ಮಿಲಿಗ್ರಾಂ ಆಸುಪಾಸು. ಆಕಳ ಹಾಲಿನಲ್ಲಿ ಪ್ರೋಟೀನ್ 3.2 ಗ್ರಾಂ, ಕ್ಯಾಲ್ಸಿಯಂ 120 ಮಿಲಿಗ್ರಾಂ ಅಷ್ಟೇ. ಎಮ್ಮೆ ಹಾಲು ಕೊಬ್ಬಿನಲ್ಲಿ ಸಮ ಬರುತ್ತದೆ, ಪ್ರೋಟೀನಿನಲ್ಲಿ ಇಲ್ಲ. ಫ್ರಾನ್ಸಿನ ರಾಕ್‌ಫೋರ್, ಇಟಲಿಯ ಪೆಕೊರಿನೊ ಚೀಸ್ ಆಗುವುದು ಕುರಿ ಹಾಲಿನಿಂದಲೇ. ಒಂದು ಕಿಲೋ ಚೀಸಿಗೆ ಆಕಳ ಹಾಲು ಸುಮಾರು 10 ಲೀಟರ್ ಬೇಕಾದರೆ, ಇದು 5-6 ಲೀಟರ್ ಸಾಕು.

ಆದರೆ ಇಷ್ಟೂ ಕಟ್ಟಿ ಮೇಯಿಸಿದ ಕುರಿಗೂ ಅನ್ವಯಿಸುವ ಮಾತು. ಬಯಲ ಮೇವು ಬದಲಿಸುವುದು ಕೊಬ್ಬಿನ ಜಾತಿಯನ್ನು. ಹಸಿ ಹುಲ್ಲಿನಲ್ಲಿ ಲಿನೋಲೆನಿಕ್ ಆಮ್ಲ ಅನ್ನುವ ಒಮೆಗಾ-3 ಬಗೆಯ ಕೊಬ್ಬು ಇರುತ್ತದೆ. ಕುರಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದರ ಬಹುಪಾಲನ್ನು ಬೇರೆ ಮಾಡಿಹಾಕುತ್ತವೆ. ತಪ್ಪಿಸಿಕೊಂಡ ಸ್ವಲ್ಪ ಹಾಲಿಗೆ ಬರುತ್ತದೆ. ಅರ್ಧಂಬರ್ಧ ಬದಲಾದದ್ದರಿಂದ ಕೆಚ್ಚಲು ಸಿಎಲ್‌ಎ ಅನ್ನುವ ಇನ್ನೊಂದು ಕೊಬ್ಬು ತಯಾರಿಸುತ್ತದೆ. ಹಸಿ ಮೇವಿದ್ದಾಗ ಎರಡೂ ಜಾಸ್ತಿ, ಮೇವು ಒಣಗಿದರೆ ಇಳಿಯುತ್ತವೆ. ನಿಮ್ಮ ಹೊಲದಲ್ಲಿ ಅವು ತಿಂದದ್ದೇನು? ಉದುರಿದ ಒಣ ಎಲೆ, ಬದುವಿನ ಮೇಲೆ ಅಷ್ಟಿಷ್ಟು ಹಸಿರು. "ಮಳೆಗಾಲದ ಹಾಲನ್ನೂ ಬೇಸಿಗೆ ಹಾಲನ್ನೂ ಒಂದೇ ಹೆಸರಿಂದ ಕರೆಯಬೇಡ" ಅನ್ನುತ್ತಾರೆ ಅಪ್ಪ. ಹಾಲು ಬತ್ತುತ್ತ ಬಂದ ಕುರಿಯದು ಇನ್ನೂ ಗಟ್ಟಿ ಇರುತ್ತದೆ. ಗಟ್ಟಿ ಇದೆ ಅಂತ ಹಸಿರು ಮೇಯ್ದ ಹಾಲು ಅನ್ನಲಾಗದು.

ನಿಮ್ಮ ಅಪ್ಪನಿಗೆ ದಿನಾ ಬೇಡ. ಒಂದು ಲೋಟ, ಅಂದರೆ 200 ಮಿಲಿಲೀಟರಿಗೆ ಕೊಬ್ಬೇ 13 ಗ್ರಾಂ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಲೆಸ್ಟ್ರಾಲ್ ಏರಿಸುವ ಜಾತಿಯದು. ಅವರು ಹೇಳುವ ಆ ಗಿಡದ ಸಾರ ಚಿಟಿಕೆಯಷ್ಟೂ ಆಗದು. ಅಪರೂಪಕ್ಕೆ ಚಹಾಕ್ಕೆ ಹಾಕಿ ಕೊಡಿ, ಖುಷಿಪಡಲಿ.

ಮಕ್ಕಳವಾರ್ಡ್:
ಮಗಳ ವಿಷಯ ನಾನು ಹೇಳುತ್ತೇನೆ, ನಾನು ನರ್ಸ್. ಗಂದೆ ಏಳುತ್ತದೆ ಅಂದರೆ ಹಾಲಿನ ಪ್ರೋಟೀನೇ ಆಗದೆ ಇರಬಹುದು. ಆಕಳು, ಆಡು, ಕುರಿ ಮೂರರ ಪ್ರೋಟೀನೂ ಒಂದನ್ನೊಂದು ಹೋಲುತ್ತವೆ. ಒಂದು ಆಗದ ಮಗುವಿಗೆ ಇನ್ನೊಂದೂ ಆಗದಿರುವುದೇ ಜಾಸ್ತಿ. ಮನೆಯಲ್ಲಿ ಒಂದು ಚಮಚ ಕೊಟ್ಟು ನೋಡುವ ಸಾಹಸ ದಯವಿಟ್ಟು ಬೇಡ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.

ಮತ್ತೆ, ಹಸಿ ಹಾಲು ಯಾರೂ ಕುಡಿಯಬೇಡಿ. ಕುರಿಗೆ ಗರ್ಭಪಾತ ಮಾಡಿಸುವ ಬ್ರುಸೆಲ್ಲಾ ರೋಗ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಕುದಿಸಿದರೆ ಭಯವಿಲ್ಲ.

ಕರಿಕಂಬಳಿ:
ನರ್ಸ್ ಅಕ್ಕ ಹೇಳಿದ್ದು ಸರಿ. ನಾನೂ ಚಿಕ್ಕಂದಿನಲ್ಲಿ ಕೆಚ್ಚಲಿಗೇ ಬಾಯಿ ಹಚ್ಚಿ ಕುಡಿದವನು, ಈಗ ನೆನೆಸಿದರೆ ಎದೆ ಝಲ್ ಅನ್ನುತ್ತದೆ.

ಒಂದು ಮಾತು ಬಿಟ್ಟಿದ್ದೆ. ನಮ್ಮ ಕಡೆಯ ಕುರಿ ಹಾಲಿನ ಕುರಿಯಲ್ಲ. ಮರಿ ಕುಡಿದು ಉಳಿದದ್ದು ಒಂದು ಸಣ್ಣ ಲೋಟ ಸಿಕ್ಕರೆ ದೊಡ್ಡದು. ನಿಮಗೆ ಚೊಂಬು ತುಂಬ ಕೊಡಬೇಕಾದರೆ ಅಜ್ಜಿ ಎಷ್ಟು ಕುರಿಗಳ ಕಾಲು ಹಿಡಿದಿರಬೇಕು, ನೋಡಿ. ದಿನಾ ಕೇಳಿದರೆ ಮರಿಗಳು ಸೊರಗುತ್ತವೆ.

ಶೇಂಗಾಹೊಲ:
ಇಬ್ಬರಿಗೂ ಧನ್ಯವಾದ. ಮಗಳನ್ನು ಸೋಮವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಕುರಿಯವರು ನಿನ್ನೆಯೇ ಮುಂದಿನ ಊರಿಗೆ ಹೋದರು. ಅಪ್ಪ ಬರುವ ವರ್ಷದ್ದಕ್ಕೂ ಈಗಲೇ ಮುಂಗಡ ಕೊಟ್ಟು ಬಂದಿದ್ದಾರೆ. ಗೊಬ್ಬರಕ್ಕಂತೆ.