ಅಪ್‌ಡೇಟ್: ಕಾರವಾರದ ಮಕ್ಕಳು ಮತ್ತು ಇಂಗ್ಲಿಷ್ ಸ್ವರಗಳು

ನಮ್ಮ ಪ್ರೌಢಶಾಲೆಯ ಮಕ್ಕಳು ಇಂಗ್ಲಿಷಿನ ‘ಹಾಲ್’, ‘ಬಾಲ್’ ಪದಗಳನ್ನು ಅಪ್ಪಟ ‘ಆ’ ಸ್ವರದಿಂದಲೂ ‘ಎಗ್’ ಪದವನ್ನು ‘ಯೆಗ್’ ಎಂದೂ ಓದುವುದನ್ನು ತಿದ್ದುವ ಬಗೆಯನ್ನು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಹೆಚ್ಚು ಫಲ ಕೊಟ್ಟದ್ದು ಮನೆಮಾತಿನಿಂದ ಆರಂಭಿಸಬೇಕೆಂಬ ಸಲಹೆ. ಕನ್ನಡದ ಒಕಾರದಲ್ಲಿ ಹ್ರಸ್ವ, ದೀರ್ಘ ಎಂಬ ಭೇದವಷ್ಟೇ ಇದೆ. ಕೊಂಕಣಿಯಲ್ಲಾದರೋ ಬಾಯಿ ಹೆಚ್ಚು ತೆರೆದು ನುಡಿಯುವ ಒಕಾರವೂ ಕಡಿಮೆ ತೆರೆದು ನುಡಿಯುವ ಒಕಾರವೂ ಬೇರೆ ಬೇರೆ ಧ್ವನಿಗಳಾಗಿದ್ದು, ‘ಹಾಲ್’ ಪದಕ್ಕೆ ಬೇಕಾದ ಸ್ವರ ಈ ತೆರೆದ ಒಕಾರಕ್ಕೆ ಬಹಳ ಹತ್ತಿರವಾಗಿದೆ. ಆದ್ದರಿಂದ ಕೊಂಕಣಿ ಮನೆಮಾತಿನ ಮಕ್ಕಳು ಅದನ್ನು ಬೇಗ ಹಿಡಿದರು, ಪಕ್ಕದಲ್ಲಿ ಕುಳಿತ ಕನ್ನಡದ ಮಕ್ಕಳಿಗೆ ಅವರೇ ಹೇಳಿಕೊಟ್ಟರು. ಇಂಗ್ಲಿಷ್ ತರಗತಿಯಿಂದ ಕೊಂಕಣಿಯನ್ನು ಹೊರಗಿಡುವುದು ದೊಡ್ಡ ನಷ್ಟವೆಂಬುದು ನನ್ನ ದೃಢವಾದ ಅಭಿಪ್ರಾಯ.

‘ಯೆಗ್’ ಸುಲಭವಾಗಿ ಸರಿಹೋಯಿತು: ‘ಲೆಗ್’ ಎಂದು ಹೇಳಿಸಿ, ಬಳಿಕ ಮೊದಲ ವ್ಯಂಜನವನ್ನು ಬಿಡಿಸಿದರೆ ಯಕಾರ ಸೇರುವುದಿಲ್ಲ.

ಇನ್ನೂ ಕಷ್ಟವಾಗಿರುವುದು ಒತ್ತಿ ನುಡಿಯದ ಅಕ್ಷರಗಳಲ್ಲಿ ಬರುವ, ಕುಗ್ಗಿ ಅಸ್ಪಷ್ಟವಾಗುವ ಮಂದ ಸ್ವರ. ‘ಬನಾನಾ’ ಪದದಲ್ಲಿ ಒತ್ತು ನಡುವಿನ ಅಕ್ಷರಕ್ಕೆ ಮಾತ್ರ ಬಿದ್ದು ಉಳಿದೆರಡು ಕುಗ್ಗಬೇಕು. ಪ್ರತಿಯೊಂದು ಅಕ್ಷರವನ್ನೂ ತುಂಬಿ ನುಡಿಯುವ ನಮ್ಮ ಮಕ್ಕಳಿಗೆ ಇದು ಹೊಸತು. ಇದನ್ನು ಕಲಿಸಿದ ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.